ಪದಚರ್ಚೆ: ‘ಮಾದರಿ’ ಸ್ಯಾಂಪಲ್ಲೋ, ಮಾಡೆಲ್ಲೋ? ಸಂಶೋಧನಾ ಸಾರಾಂಶಗಳಲ್ಲಿ ಹೇಗೆ ಬಿಡಿಸೋಣ?

ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯವೊಂದರ ಬೇರೆ ಬೇರೆ ವಿಭಾಗಗಳ ಪಿಎಚ್.ಡಿ. ಪ್ರಬಂಧಗಳ ಕನ್ನಡ ಸಾರಾಂಶಗಳು ಒಂದೇ ಸಂಪುಟವಾಗಿ ಬರಲಿವೆ. ಮಣ್ಣುವಿಜ್ಞಾನ, ಸಸ್ಯಶಾಸ್ತ್ರ, ಭೌತಶಾಸ್ತ್ರ, ಅರ್ಥಶಾಸ್ತ್ರ, ಭಾಷಾವಿಜ್ಞಾನ, ಹಸ್ತಪ್ರತಿಶಾಸ್ತ್ರ ಎಲ್ಲ ಅಕ್ಕಪಕ್ಕದಲ್ಲಿರುತ್ತವೆ. ಬಿಡಿಬಿಡಿಯಾಗಿ ಓದಿದರೆ ಯಾವ ಸಾರಾಂಶದಲ್ಲೂ ತೊಡಕಿಲ್ಲ. ಕೊನೆಯಲ್ಲಿ ಕೊಡಬೇಕಾದ ಪದಸೂಚಿಗೆ ಬಂದಾಗ ಮಾತ್ರ ‘ಮಾದರಿ’ ಎಂಬ ನಮೂದು ಯಾವ ಅರ್ಥಕ್ಕೂ ನಿಲ್ಲುತ್ತಿಲ್ಲ.

ಬಳಕೆಗಳು ಹೀಗಿವೆ: “50 ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಲಾಯಿತು”, “ಮಾದರಿಯ ಗಾತ್ರ 400”, “ಮುಂಗಾರು ಮುನ್ಸೂಚನೆಯ ಮಾದರಿ”, “ಹೊಸ ಪ್ರಭೇದದ ಮಾದರಿಯನ್ನು ಸಸ್ಯಾಲಯದಲ್ಲಿ ಇರಿಸಲಾಗಿದೆ”, “12 ಮಾದರಿಗಳಲ್ಲಿ 9 ಈ ಪಾಠವನ್ನೇ ಹೇಳುತ್ತವೆ”. ಜೋಡಿಪದಗಳಲ್ಲಿ ಗೊಂದಲ ಇನ್ನೂ ಹೆಚ್ಚು. ‘ಮಾದರಿ ಆಯ್ಕೆ’ ಎಂದರೆ ಸಮೀಕ್ಷೆಗೆ ಮನೆಗಳನ್ನು ಆರಿಸುವುದೂ ಆಗುತ್ತದೆ, ಎರಡು ಗಣಿತ ಸೂತ್ರಗಳಲ್ಲಿ ಯಾವುದು ವಾಸಿ ಎಂದು ತೀರ್ಮಾನಿಸುವುದೂ ಆಗುತ್ತದೆ. ‘ಮಾದರಿ ದೋಷ’ದ್ದೂ ಇದೇ ಕಥೆ. ‘ಭಾಷಾ ಮಾದರಿ’ ಎಂಬುದನ್ನು ಉಪಭಾಷೆಗಳ ಅಧ್ಯಯನದವರು ವಕ್ತೃವಿನಿಂದ ದಾಖಲಿಸಿಕೊಂಡ ಮಾತಿನ ತುಣುಕಿಗೆ ಬಳಸಿದ್ದಾರೆ. ಕಂಪ್ಯೂಟರ್ ವಿಭಾಗದವರು ಪಠ್ಯವನ್ನು ಉಣಿಸಿ ತಯಾರಿಸಿದ ತಂತ್ರಾಂಶಕ್ಕೆ ಬಳಸಿದ್ದಾರೆ. ಇಬ್ಬರೂ ‘ಕನ್ನಡದ ಭಾಷಾ ಮಾದರಿ’ ಎಂದೇ ಬರೆದಿದ್ದಾರೆ, ಇಬ್ಬರದೂ ತಪ್ಪಲ್ಲ.

ಸ್ಯಾಂಪಲ್‌ಗೆ ‘ನಮೂನೆ’ ಎಂದು ಬದಲಿಸೋಣವೆಂದರೆ ಸರ್ಕಾರಿ ಕಚೇರಿಯಲ್ಲಿ ನಮೂನೆ ಎಂದರೆ ಫಾರಂ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ‘ನಮೂನೆ 6’ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಮಾತಿನಲ್ಲಂತೂ ‘ಎಷ್ಟು ನಮೂನಿ’ ಎಂದರೆ ಎಷ್ಟು ಬಗೆ ಎಂದಾಗುತ್ತದೆ. ಸಂಸ್ಕೃತದಿಂದ ‘ಪ್ರತಿಚಯನ’ ತರಬಹುದು, ಆದರೆ ರಕ್ತದ ಪ್ರತಿಚಯನ ಎಂದು ಯಾರೂ ಹೇಳುವುದಿಲ್ಲ.

ಎಲ್ಲ ವಿಭಾಗಗಳಿಗೂ ಒಂದೇ ಪದವನ್ನು ಹೇರಬೇಕೇ, ಅರ್ಥಕ್ಕೊಂದು ಪದವನ್ನು ಬೇರೆ ಮಾಡಬೇಕೇ? ಆಯಾ ಶಾಸ್ತ್ರದವರು ದಿನವೂ ಏನು ಬಳಸುತ್ತೀರಿ, ಎಲ್ಲಿ ಎಡವಟ್ಟಾಗುತ್ತದೆ ಎಂದು ತಿಳಿಸಿದರೆ ಉಪಕಾರ.

ಉತ್ತರ: ಸಂಖ್ಯಾಶಾಸ್ತ್ರದ ಕಡೆಯಿಂದ

ನಮಸ್ಕಾರ. ಸ್ಯಾಂಪಲ್ ಮತ್ತು ಮಾಡೆಲ್ ಎರಡಕ್ಕೂ ಒಂದೇ ಪದವಿರುವುದು ಮೇಲ್ನೋಟಕ್ಕೆ ಕಾಣುವ ತೊಡಕು. ಓದುಗರನ್ನು ನಿಜಕ್ಕೂ ದಾರಿ ತಪ್ಪಿಸುವುದು ಸ್ಯಾಂಪಲ್‌ನ ಒಳಗೇ ಇರುವ ಎರಡು ಅರ್ಥ. ಮೊದಲು ಅದನ್ನು ಬಿಡಿಸಿಕೊಳ್ಳಿ.

ಪ್ರಯೋಗಾಲಯದಲ್ಲಿ ಒಂದು ಕೊಳವೆ ರಕ್ತ ಎಂದರೆ ಒಂದು ಮಾದರಿ. 50 ಕೊಳವೆ ಇದ್ದರೆ 50 ಮಾದರಿ. ಸಂಖ್ಯಾಶಾಸ್ತ್ರದಲ್ಲಿ ಆ ಐವತ್ತೂ ಸೇರಿ ಒಂದೇ ಮಾದರಿ, ಅದರ ಗಾತ್ರ 50. ನಮ್ಮ ಲೆಕ್ಕದಲ್ಲಿ “50 ಮಾದರಿಗಳು” ಎಂದರೆ ಅದೇ ಸಮಷ್ಟಿಯಿಂದ ಐವತ್ತು ಸಲ ಬೇರೆ ಬೇರೆ ಗುಂಪುಗಳನ್ನು ಆರಿಸಿದ್ದಾರೆ ಎಂದಾಗುತ್ತದೆ. ಸರಾಸರಿಗಳ ಹಂಚಿಕೆಯನ್ನು ವಿವರಿಸುವ ಸಾರಾಂಶದಲ್ಲಿ ಈ ಎರಡನೆಯ ಅರ್ಥವೇ ಬೇಕಿರುತ್ತದೆ. ಆದ್ದರಿಂದ ಅಂಕಿಅಂಶದ ಭಾಗದಲ್ಲಿ ‘ಮಾದರಿ ಗುಂಪು’ ಎಂದೂ ಅದರೊಳಗಿನ ಒಂದೊಂದನ್ನು ‘ಘಟಕ’ ಎಂದೂ ಬರೆಯಿರಿ. ಗುಂಪನ್ನು ಯಾವುದರಿಂದ ಆರಿಸಿದ್ದೋ ಅದು ‘ಸಮಷ್ಟಿ’. ‘ಜನಸಂಖ್ಯೆ’ ಎಂದು ಬರೆಯಬೇಡಿ. ಸಮಷ್ಟಿಯಲ್ಲಿ ಹಸುಗಳಿರಬಹುದು, ಬಲ್ಬುಗಳಿರಬಹುದು.

ಗಾತ್ರ ಹೇಳುವಾಗ ಘಟಕ ಯಾವುದೆಂದು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಶೇಕಡಾವಾರು ಪ್ರಮಾಣವೊಂದನ್ನು 95% ವಿಶ್ವಾಸಮಟ್ಟದಲ್ಲಿ, ಆಚೀಚೆ 5 ಶೇಕಡಾ ಅಂಶಗಳ ಒಳಗೆ ಅಂದಾಜು ಮಾಡಲು ಸರಳ ಯಾದೃಚ್ಛಿಕ ಆಯ್ಕೆಯಲ್ಲಿ, ಅಂದರೆ ಚೀಟಿ ಎತ್ತಿದಂತೆ ಎಲ್ಲಕ್ಕೂ ಸಮಾನ ಅವಕಾಶವಿಟ್ಟು ಆರಿಸಿದಾಗ, 385 ಘಟಕಗಳು ಸಾಕು. 3 ಅಂಶಗಳ ಒಳಗೆ ಬೇಕೆಂದರೆ 1,068. ಆದರೆ ಹಳ್ಳಿಗಳನ್ನು ಮೊದಲು ಆರಿಸಿ, ಪ್ರತಿ ಹಳ್ಳಿಯಲ್ಲಿ ಒಂದಷ್ಟು ಮನೆಗಳನ್ನು ತೆಗೆದುಕೊಂಡರೆ ಈ ಲೆಕ್ಕ ನಡೆಯುವುದಿಲ್ಲ. ಒಂದೇ ಹಳ್ಳಿಯ ಮನೆಗಳು ನೀರು, ಬೆಳೆ, ಕೂಲಿ ಎಲ್ಲದರಲ್ಲೂ ಒಂದನ್ನೊಂದು ಹೋಲುತ್ತವೆ. ಹಾಗಾಗಿ 385 ಮನೆಗಳು 385 ಮನೆಗಳಷ್ಟು ಹೊಸ ಸುದ್ದಿ ಕೊಡುವುದಿಲ್ಲ. ಈ ಹೋಲಿಕೆಯಿಂದ ವ್ಯತ್ಯಯ (ಅಂದಾಜು ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ) ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೆ 770 ಮನೆ ಬೇಕು. ಸಾರಾಂಶದಲ್ಲಿ ಹಳ್ಳಿ ಎಷ್ಟು, ಮನೆ ಎಷ್ಟು ಎಂದು ಎರಡೂ ಇರಲಿ.

ಗಾತ್ರ ದೊಡ್ಡದಿದ್ದ ಮಾತ್ರಕ್ಕೆ ಆಯ್ಕೆ ಸರಿಯಾಗುವುದಿಲ್ಲ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಸಾಕ್ಷಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಹೇಳಿತು. ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳು ಬಹುಮಟ್ಟಿಗೆ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಬಂದಿದ್ದವು. ಉತ್ತರ ಬರೆಯುವ ಉತ್ಸಾಹವೂ ಎರಡೂ ಪಕ್ಷದವರಲ್ಲಿ ಸಮವಾಗಿರಲಿಲ್ಲ.

ಇಲ್ಲಿಯೇ ‘ದೋಷ’ ಎಂಬ ಪದದ ಬಗ್ಗೆಯೂ ಒಂದು ಮಾತು. ಲಿಟರರಿ ಡೈಜೆಸ್ಟಿನದು ನಿಜವಾದ ದೋಷ. ಅದನ್ನು ‘ಆಯ್ಕೆಯ ಪಕ್ಷಪಾತ’ ಎನ್ನಿ. ಸರಿಯಾಗಿ ಆರಿಸಿದರೂ ಒಂದು ಗುಂಪಿಗೂ ಇನ್ನೊಂದಕ್ಕೂ ಆಕಸ್ಮಿಕವಾಗಿ ಇದ್ದೇ ಇರುವ ಅಂತರವನ್ನು ‘ಮಾದರಿ ದೋಷ’ ಎಂದು ಬರೆದರೆ ಯಾರೋ ತಪ್ಪು ಮಾಡಿದಂತೆ ಕೇಳಿಸುತ್ತದೆ. ಅದು ‘ಆಯ್ಕೆ ವ್ಯತ್ಯಯ’ವಾಗಲಿ. ಮೊದಲನೆಯದು ಗಾತ್ರ ಹೆಚ್ಚಿಸಿದರೆ ಹೋಗುವುದಿಲ್ಲ, ಎರಡನೆಯದು ಕಡಿಮೆಯಾಗುತ್ತದೆ. ಒಂದೇ ಪದ ಹಾಕಿದರೆ ಈ ಭೇದವೇ ಅಳಿಸಿಹೋಗುತ್ತದೆ.

ಇನ್ನು ಮಾಡೆಲ್. ಭೌತವಿಜ್ಞಾನಿ ನೀಲ್ಸ್ ಬೋರ್ 1913ರಲ್ಲಿ ಮುಂದಿಟ್ಟ ಪರಮಾಣು ಮಾದರಿಯನ್ನು ಶಾಲೆಯ ಪಠ್ಯಗಳು ಹಾಗೆಯೇ ಕರೆಯುತ್ತಾ ಬಂದಿವೆ, ಅದನ್ನು ಕದಲಿಸುವ ಅಗತ್ಯವಿಲ್ಲ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹೆಸರನ್ನೂ ಮುಟ್ಟಬೇಡಿ. ಆದರೆ ಒಂದೇ ಸಾರಾಂಶದಲ್ಲಿ ಸ್ಯಾಂಪಲ್ಲೂ ಮಾಡೆಲ್ಲೂ ಎರಡೂ ಬಂದರೆ ಎರಡನೆಯದಕ್ಕೆ ಧೈರ್ಯವಾಗಿ ‘ಮಾಡೆಲ್’ ಎಂದೇ ಬರೆಯಿರಿ. ‘ಗಣಿತೀಯ ಪ್ರತಿರೂಪ’ಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

ಹಳೆಯ ಸಾರಾಂಶಗಳಲ್ಲಿ ಯಾವ ಅರ್ಥ ಎಂದು ಗೊತ್ತಾಗದಿದ್ದರೆ ಕ್ರಿಯಾಪದ ನೋಡಿ. ತೆಗೆ, ಸಂಗ್ರಹಿಸು, ಕಳಿಸು ಎಂದಿದ್ದರೆ ಸ್ಯಾಂಪಲ್. ಕಟ್ಟು, ರೂಪಿಸು, ಹೊಂದಿಸು ಎಂದಿದ್ದರೆ ಮಾಡೆಲ್. ‘ಪರೀಕ್ಷಿಸು’ ಮಾತ್ರ ಎರಡಕ್ಕೂ ಬರುತ್ತದೆ, ಅಲ್ಲಿ ಮೂಲವನ್ನೇ ತೆರೆಯಬೇಕು. ಅರ್ಥಶಾಸ್ತ್ರದ ‘ಕೇರಳ ಮಾದರಿ’ಯಂಥ ಕಡೆ ಇನ್ನೊಂದು ಎಚ್ಚರ ಬೇಕು. ಸಂಶೋಧಕರು ಅಲ್ಲಿ ಒಂದು ಬಗೆಯ ಬೆಳವಣಿಗೆಯನ್ನು ವಿವರಿಸುತ್ತಿರುತ್ತಾರೆ. ‘ಮಾದರಿ ಶಾಲೆ’ ಎಂಬ ಬಳಕೆಗೆ ಒಗ್ಗಿದ ಓದುಗರು ಅದನ್ನು ‘ಎಲ್ಲರೂ ಅನುಸರಿಸಬೇಕಾದದ್ದು’ ಎಂದು ಓದಿಬಿಡುತ್ತಾರೆ.

ಉತ್ತರ: ಮಣ್ಣು ಮತ್ತು ಸಸ್ಯಗಳ ಕಡೆಯಿಂದ

ಮೇಲೆ ಹೇಳಿದ ಎಣಿಕೆಯ ತೊಡಕು ಮಣ್ಣಿನಲ್ಲಿ ಇನ್ನೊಂದು ಸುತ್ತು ಹೆಚ್ಚು. ಒಂದೇ ಬಗೆಯ ಮಣ್ಣಿರುವ ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ 10ರಿಂದ 15 ಕಡೆ ಮೇಲಿನ ಕಸಕಡ್ಡಿ ಸರಿಸಿ, ‘ವಿ’ ಆಕಾರದ 15 ಸೆಂ.ಮೀ. ಆಳದ ಗುಂಡಿ ತೋಡಿ, ಗುಂಡಿಯ ಪಕ್ಕದಿಂದ ಮೇಲಿನಿಂದ ತಳದವರೆಗೆ ತೆಳುವಾಗಿ ಮಣ್ಣು ಕೆತ್ತಿಕೊಳ್ಳುತ್ತಾರೆ. ಎಲ್ಲವನ್ನೂ ಶುಭ್ರವಾದ ಗೋಣಿ ಅಥವಾ ಹಾಳೆಯ ಮೇಲೆ ಕಲಸಿ, ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಸಾಡುತ್ತಾರೆ. ಅರ್ಧ ಕಿಲೋ ಉಳಿಯುವವರೆಗೂ ಹೀಗೇ ಮಾಡಿ ನೆರಳಲ್ಲಿ ಒಣಗಿಸುತ್ತಾರೆ. ಬದು, ಮರದ ಬುಡ, ತಿಪ್ಪೆಯ ಹತ್ತಿರದ ಮಣ್ಣು ಸೇರಿದರೆ ಸಾವಯವ ಇಂಗಾಲವೂ ಪೊಟ್ಯಾಷ್ ಕೂಡ ಹೊಲದಲ್ಲಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಆ ವರದಿ ನಂಬಿ ಗೊಬ್ಬರ ಹಾಕಿದರೆ ಕಡಿಮೆ ಬೀಳುತ್ತದೆ.

ಈಗ 12 ಗುಂಡಿ ತೋಡಿದ್ದರೆ ಮಾದರಿ ಎಷ್ಟು? ಪ್ರಯೋಗಾಲಯಕ್ಕೆ ಹೋದದ್ದು ಒಂದೇ. “12 ಮಾದರಿಗಳನ್ನು ಪರೀಕ್ಷಿಸಲಾಯಿತು” ಎಂದು ಬರೆದರೆ ಹನ್ನೆರಡು ಫಲಿತಾಂಶ ಬಂದಿದೆ ಎಂದು ಓದುಗರು ತಿಳಿಯುತ್ತಾರೆ. ಗುಂಡಿಯದನ್ನು ‘ಬಿಡಿ ಮಾದರಿ’ ಎಂದೂ ಕಲಸಿದ್ದನ್ನು ‘ಸಂಯುಕ್ತ ಮಾದರಿ’ ಎಂದೂ ಬೇರೆ ಮಾಡಿ.

ಸಸ್ಯಾಲಯದ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದ, ‘ಮಾದರಿ’ಯನ್ನು ಇವೆರಡರ ಜೊತೆ ಸೇರಿಸಲೇಬೇಡಿ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಣಗಿಸಿದ ಒಂದು ಗಿಡವನ್ನು ಆ ಹೆಸರಿನ ಆಧಾರವೆಂದು ಗೊತ್ತುಪಡಿಸುತ್ತಾರೆ. 1958ರ ಜನವರಿ 1ರಿಂದ ಈಚೆಗೆ, ಹಾಗೆ ಆಧಾರ ತೋರಿಸದೆ ಪ್ರಕಟಿಸಿದ ಹೊಸ ಪ್ರಭೇದದ ಹೆಸರು ಅಂತರರಾಷ್ಟ್ರೀಯ ನಿಯಮದಂತೆ ಸಿಂಧುವಲ್ಲ. ಆ ಗಿಡ ತನ್ನ ಪ್ರಭೇದವನ್ನು ಪ್ರತಿನಿಧಿಸಬೇಕೆಂದೇನೂ ಇಲ್ಲ. ಕುಳ್ಳಗಿರಬಹುದು, ಎಲೆ ಹುಳ ತಿಂದಿರಬಹುದು. ಹೆಸರು ಮಾತ್ರ ಅದಕ್ಕೇ ಕಟ್ಟುಬಿದ್ದಿರುತ್ತದೆ. ಹೀಗಾಗಿ ‘ನಾಮಾಧಾರ ಮಾದರಿ’ ಎಂದು ಪೂರ್ತಿ ಬರೆಯುವುದು ಒಳ್ಳೆಯದು. ಬರೀ ‘ಮಾದರಿ ಸಸ್ಯ’ ಎಂದರೆ ತಳಿಶಾಸ್ತ್ರದವರ ಕಣ್ಣಿಗೆ ಅರಾಬಿಡಾಪ್ಸಿಸ್ ಬರುತ್ತದೆ. ಬಿತ್ತಿದ ಆರೇಳು ವಾರದಲ್ಲೇ ಬೀಜ ಕೊಡುವುದರಿಂದಲೂ ಅದರ ಜೀನೋಮ್ 2000ದಲ್ಲೇ ಪ್ರಕಟವಾದುದರಿಂದಲೂ ಬಹಳಷ್ಟು ಪ್ರಯೋಗಗಳಿಗೆ ಬಳಸುವ ಗಿಡ ಅದು.

ಉತ್ತರ: ಗ್ರಂಥಸಂಪಾದನೆಯ ಕಡೆಯಿಂದ

“12 ಮಾದರಿಗಳಲ್ಲಿ 9” ಎಂಬ ವಾಕ್ಯ ಹಸ್ತಪ್ರತಿ ವಿಭಾಗದ್ದೇ ಆಗಿದ್ದರೆ ದಯವಿಟ್ಟು ತಿದ್ದಿಸಿ. ನಮ್ಮಲ್ಲಿ ಅದಕ್ಕೆ ‘ಪ್ರತಿ’ ಎಂಬ ಸ್ವಂತ ಪದವಿದೆ: ಓಲೆಪ್ರತಿ, ಕಾಗದಪ್ರತಿ. ಯಾವ ಪ್ರತಿಯನ್ನು ನೋಡಿಕೊಂಡು ಲಿಪಿಕಾರ ಬರೆದನೋ ಅದು ‘ಮಾತೃಕೆ’. ಇವಕ್ಕೆ ಮಾದರಿ ಎಂದರೆ ಪದ ಬದಲಾದದ್ದಷ್ಟೇ ಅಲ್ಲ, ವಿಧಾನವೇ ತಪ್ಪಾಗಿ ಕಾಣುತ್ತದೆ. ಹಸ್ತಪ್ರತಿಗಳನ್ನು ಯಾರೂ ಯಾದೃಚ್ಛಿಕವಾಗಿ ಆರಿಸಿದ್ದಲ್ಲ. ಗೆದ್ದಲು, ಬೆಂಕಿ, ನೀರು ಬಿಟ್ಟದ್ದು ನಮ್ಮ ಕೈಗೆ ಬಂದಿವೆ.

ಅದಕ್ಕಿಂತ ಮುಖ್ಯವಾದದ್ದು, ಪ್ರತಿಗಳಿಗೆ ಮತ ಎಣಿಕೆ ಇಲ್ಲ. ಆ ಒಂಬತ್ತೂ ಒಂದೇ ಮಾತೃಕೆಯಿಂದ ಇಳಿದಿದ್ದರೆ ಅವು ಒಂಬತ್ತು ಸಾಕ್ಷಿಗಳಾಗುವುದಿಲ್ಲ, ಒಂದೇ ಸಾಕ್ಷಿ. ಉಳಿದ ಮೂರು ಪ್ರತಿಗಳು ಬೇರೆ ಬೇರೆ ಕಡೆಯಿಂದ ಬಂದು ಇನ್ನೊಂದು ಪಾಠ (ಪ್ರತಿಯಲ್ಲಿ ಆ ಜಾಗದಲ್ಲಿರುವ ಪದ ಅಥವಾ ಸಾಲು) ಕೊಟ್ಟರೆ ಅದೇ ಹೆಚ್ಚು ತೂಕದ್ದು. ಹಳ್ಳಿಯ ಮನೆಗಳ ಬಗ್ಗೆ ಮೇಲಿನವರು ಹೇಳಿದ ಎಚ್ಚರಿಕೆಯೇ ಇಲ್ಲೂ ಇದೆ, ಇನ್ನೂ ಬಿಗಿಯಾಗಿ.

ಯಾವುದು ಯಾವುದರಿಂದ ಇಳಿದದ್ದು ಎಂದು ತಿಳಿಯುವುದು ಪ್ರತಿಗಳು ಹಂಚಿಕೊಂಡ ತಪ್ಪುಗಳಿಂದ. ಸರಿಯಾದ ಪಾಠ ಎಲ್ಲರಲ್ಲೂ ಉಳಿದಿರಬಹುದು, ಅದು ನಂಟನ್ನು ಹೇಳುವುದಿಲ್ಲ. ಹಾಗೆಂದು ಎಲ್ಲ ತಪ್ಪುಗಳೂ ಕೆಲಸಕ್ಕೆ ಬರುವುದಿಲ್ಲ. ಹಳಗನ್ನಡದ ೞ ಮತ್ತು ಱ ಬಳಕೆ ತಪ್ಪಿದ ಮೇಲೆ ಲಿಪಿಕಾರರು ಳ, ರ ಬರೆದರು. ಆಗ ನಾಶವಾಗು ಎಂಬರ್ಥದ ‘ಅೞಿ’ ದುಂಬಿ ಎಂಬರ್ಥದ ‘ಅಳಿ’ಯಾಗುತ್ತದೆ, ತಿಳಿ ಎಂಬರ್ಥದ ‘ಅಱಿ’ ಕತ್ತರಿಸು ಎಂಬರ್ಥದ ‘ಅರಿ’ಯಾಗುತ್ತದೆ. ಈ ತಪ್ಪನ್ನು ಯಾವ ಊರಿನ ಲಿಪಿಕಾರನಾದರೂ ತಾನೇ ಮಾಡಬಲ್ಲ, ಆದ್ದರಿಂದ ಇದರಿಂದ ನಂಟು ಕಟ್ಟಬಾರದು. ದ್ವಿತೀಯಾಕ್ಷರ ಪ್ರಾಸವನ್ನು ನೋಡಿ ಮೂಲದಲ್ಲಿ ಯಾವ ಅಕ್ಷರವಿತ್ತೆಂದು ತಿದ್ದಿಕೊಳ್ಳಬಹುದು, ಅಷ್ಟೇ. ಆದರೆ ಒಂದೇ ಪದ್ಯದ ಒಂದೇ ಪಾದ ನಾಲ್ಕು ಪ್ರತಿಗಳಲ್ಲೂ ಬಿಟ್ಟುಹೋಗಿದ್ದರೆ ಆ ನಾಲ್ಕಕ್ಕೂ ಮಾತೃಕೆ ಒಂದೇ ಇರುವ ಸಂಭವ ಹೆಚ್ಚು.

ಹೀಗೆ ಬರೆಯುವ ವಂಶವೃಕ್ಷ ಜೀವವಿಜ್ಞಾನದವರದಕ್ಕೆ ತೀರ ಹತ್ತಿರ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನಕ್ಕಾಗಿ, ಜೀವಿಗಳ ವಂಶಾವಳಿ ಕಟ್ಟುವ ತಂತ್ರಾಂಶಕ್ಕೆ ಇಂಗ್ಲಿಷ್ ಕವಿ ಚಾಸರ್‌ನ ಕ್ಯಾಂಟರ್‌ಬರಿ ಕಥೆಗಳ ಒಂದು ಪ್ರಸ್ತಾವನೆಯ ಪಾಠಾಂತರಗಳನ್ನು (ಪ್ರತಿಯಿಂದ ಪ್ರತಿಗೆ ಬೇರೆಯಾಗುವ ಪಾಠಗಳನ್ನು) ಕೊಟ್ಟು ನೋಡಿದರು. ಆ ಭಾಗಕ್ಕೆ 15ನೆಯ ಶತಮಾನದ 58 ಹಸ್ತಪ್ರತಿಗಳು ಉಳಿದಿವೆ. ಲಿಪಿಕಾರ ಎರಡು ಮಾತೃಕೆ ಇಟ್ಟುಕೊಂಡು ಬರೆದಿದ್ದರೆ ಮಾತ್ರ ಮರದ ಕೊಂಬೆಗಳು ಮತ್ತೆ ಕೂಡಿಕೊಳ್ಳುತ್ತವೆ, ಆ ಲೆಕ್ಕ ಕೆಡುತ್ತದೆ. ಅಂಥ ಮಿಶ್ರಪಾಠದ ಪ್ರತಿಗಳನ್ನು ಮೊದಲೇ ಬೇರೆ ಇಡಬೇಕು.

ಆದ್ದರಿಂದ ನಿಮ್ಮ ಪದಸೂಚಿಯಲ್ಲಿ ಹಸ್ತಪ್ರತಿಶಾಸ್ತ್ರದ ನಮೂದುಗಳು ‘ಮಾದರಿ’ಯ ಕೆಳಗೆ ಬರುವುದೇ ಬೇಡ, ಪ್ರತಿ, ಮಾತೃಕೆ, ಪಾಠಾಂತರ ಎಂದು ತಮ್ಮ ತಮ್ಮ ಜಾಗದಲ್ಲಿರಲಿ. ಆ ವಾಕ್ಯವನ್ನು ಬರೆದವರಿಂದ ಒಂಬತ್ತು ಪ್ರತಿಗಳು ಎಷ್ಟು ಮಾತೃಕೆಗಳಿಂದ ಬಂದವು ಎಂದು ಕೇಳಿ, ಆ ಅಂಕಿಯನ್ನೂ ಸಾರಾಂಶದಲ್ಲಿ ಸೇರಿಸಿ.