ಸಿಮೆಂಟ್ ದೋಣಿ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲಾ, ಇಲ್ಲಾ ನನಗೆ ತಲೆ ಕೆಟ್ಟಿದೆಯಾ?

ಹರಿಹರದ_ಇಂಜಿನಿಯರ್

ಎಲ್ಲರಿಗೂ ನಮಸ್ಕಾರ. ನಾನು ಹರಿಹರದವನು, ಈಗ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಇದ್ದೇನೆ. ಕೆಲಸ ಸ್ಟ್ರಕ್ಚರಲ್ ಇಂಜಿನಿಯರಿಂಗ್. ಆರು ವರ್ಷದಿಂದ ಇಲ್ಲಿನ ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಗೆಳೆಯರ ದೋಣಿಗಳಲ್ಲಿ ಹಾಯಿ ಎಳೆದು, ಹಗ್ಗ ಸುತ್ತಿ, ಎಲ್ಲರಿಗೂ ಟೀ ಮಾಡಿಕೊಟ್ಟು ಸಾಕಾಗಿದೆ. ನನ್ನದೇ ಅಂತ ಒಂದು ಬೇಕು. ಹೊಸ ಫೈಬರ್ ಯಾಟ್ ಕೈಗೆ ಎಟುಕುವುದಿಲ್ಲ. ಎಟುಕಿದರೂ ನನಗೆ ಅದರ ಮೇಲೆ ಮನಸ್ಸಿಲ್ಲ. ಮರೀನಾದಲ್ಲಿ ಸಾಲಾಗಿ ನಿಂತಿರುತ್ತವಲ್ಲ, ಎಲ್ಲವೂ ಒಂದೇ ಅಚ್ಚಿನ ಬಿಳಿ ಬಕೆಟ್ಟುಗಳು.

ಹಾಗಾಗಿ ಚಳಿಗಾಲವಿಡೀ ರಾತ್ರಿ ಊಟ ಆದಮೇಲೆ ಮಾರಾಟದ ಜಾಹೀರಾತು ನೋಡುವುದೇ ಕೆಲಸ. ಅದೂ ಯಾರೂ ತಗೊಳ್ಳದ ವಿಚಿತ್ರ ದೋಣಿಗಳನ್ನೇ. ನನ್ನ ಹೆಂಡತಿ ಹೇಳುವುದು ಇಷ್ಟೇ: "ಹರಿಹರದಲ್ಲಿ ಒಂದು ಸೈಟ್ ತಗೊಳ್ಳಿ ಅಂದರೆ ನೀರಲ್ಲಿ ಮನೆ ಹುಡುಕುತ್ತೀರಲ್ಲ."

ಈಗ ಮೂರು ಉಳಿದಿವೆ.

ಒಂದು, ವಾರಮ್ ಟಿಕಿ 26. ಜೇಮ್ಸ್ ವಾರಮ್ ಎಂಬಾತ ಪಾಲಿನೇಷ್ಯದ ಜೋಡಿ ದೋಣಿಗಳಿಂದ ಕಲಿತು ಮಾಡಿದ ವಿನ್ಯಾಸ. ಎರಡು ಸಪೂರ ಪ್ಲೈವುಡ್ ದೋಣಿ, ಮಧ್ಯೆ ಅಡ್ಡತೊಲೆಗಳು. ಆ ತೊಲೆಗಳನ್ನು ಬೋಲ್ಟ್ ಹಾಕಿ ಬಿಗಿದಿಲ್ಲ, ಹಗ್ಗದಲ್ಲಿ ಕಟ್ಟಿದ್ದಾರೆ! ನೋಡಿ ಬಂದೆ. ಮಲಗುವ ಜಾಗ ನಮ್ಮೂರ ಬಸ್ಸಿನ ಲಗೇಜ್ ರ್‍ಯಾಕಿನಷ್ಟಿದೆ. ಒಮ್ಮೆ ಮಲಗಿದರೆ ಪಕ್ಕ ತಿರುಗುವ ಹಾಗಿಲ್ಲ.

ಎರಡು, ನ್ಯೂಬ್ರಿಡ್ಜ್ ಕೋರಮಂಡಲ್, 21 ಅಡಿ. ನಮ್ಮ ಪೂರ್ವ ಕರಾವಳಿಯ ಹೆಸರು ಹೊತ್ತ ಇಂಗ್ಲಿಷ್ ದೋಣಿ, ಅದಕ್ಕೆ ಚೀನಾದ ಜಂಕ್ ಹಾಯಿ. ಕಂಬಕ್ಕೆ ಆಸರೆಯ ತಂತಿ ಒಂದೂ ಇಲ್ಲ, ಬಾಳೆಗಿಡದ ಹಾಗೆ ಸುಮ್ನೆ ನಿಂತಿದೆ.

ಮೂರನೆಯದು ನನ್ನ ನಿದ್ದೆ ಕೆಡಿಸಿರುವುದು. ಹಾರ್ಟ್ಲಿ ಸೌತ್ ಸೀಸ್ 38. ಮೂವತ್ತೆಂಟು ಅಡಿ, ಎರಡು ಕಂಬ, ಒಳಗೆ ತಲೆಯೆತ್ತಿ ನಿಲ್ಲಬಹುದು, ಅಡುಗೆಮನೆ, ಸೌದೆ ಒಲೆ, ಆರು ಜನಕ್ಕೆ ಹಾಸಿಗೆ. ಕೇಳುತ್ತಿರುವುದು 6,500 ಪೌಂಡ್. ಅಂದರೆ ಒಂದು ಹಳೇ ಕಾರಿನ ಬೆಲೆ. ಯಾಕೆ ಅಷ್ಟು ಅಗ್ಗ ಅಂದರೆ ಇದು ಫೆರೋಸಿಮೆಂಟ್. ಕಬ್ಬಿಣದ ಸರಳು, ಅದರ ಮೇಲೆ ಪದರ ಪದರವಾಗಿ ಕೋಳಿಬಲೆ, ಅದಕ್ಕೆ ಗಾರೆ. 1977ರಲ್ಲಿ ಒಬ್ಬರು ಮನೆ ಹಿತ್ತಲಲ್ಲಿ ಕಟ್ಟಿದ್ದು.

ದಿನಾ ಕಾಂಕ್ರೀಟ್ ಜೊತೆ ಏಗುವ ನನಗೆ ಇದು ಮಾವನ ಮನೆ ಇದ್ದ ಹಾಗೆ. 1848ರಲ್ಲೇ ಫ್ರಾನ್ಸಿನ ಲಾಂಬೊ ಎಂಬಾತ ಕಬ್ಬಿಣದ ಜಾಲರಿಗೆ ಸಿಮೆಂಟ್ ಮೆತ್ತಿ ದೋಣಿ ಮಾಡಿದ್ದ. ನಾವೆಲ್ಲ ಇವತ್ತು ಕಟ್ಟುವ ಆರ್‌ಸಿಸಿಗೆ ಆ ದೋಣಿ ಅಜ್ಜ ಇದ್ದಂತೆ. ಆದರೆ ಅದೇ ವಿದ್ಯೆ ಹೆದರಿಸುತ್ತದೆ. ನಮ್ಮ ದೇಶದ ಕಾಂಕ್ರೀಟ್ ನಿಯಮಾವಳಿ ಐಎಸ್ 456 ಪ್ರಕಾರ ಉಬ್ಬರವಿಳಿತದ ನೀರು ತಾಗುವ ಜಾಗದಲ್ಲಿ ಸರಳಿನ ಮೇಲೆ 75 ಮಿಮೀ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ ಬೇಕು. ಈ ದೋಣಿಯ ಇಡೀ ಗೋಡೆಯೇ 25 ಮಿಮೀ! ಹೊರಗಿನ ಬಲೆಯ ಮೇಲೆ ಎರಡು ಮೂರು ಮಿಮೀ ಗಾರೆ ಇದ್ದರೆ ಹೆಚ್ಚು. ಬಲೆ ಒತ್ತಾಗಿರುವುದರಿಂದ ಬಿರುಕುಗಳು ಕೂದಲೆಳೆಗಿಂತ ಸಣ್ಣವಾಗಿಯೇ ಉಳಿಯುತ್ತವೆ, ಅದಕ್ಕೇ ಬಾಳುತ್ತದೆ. ಇದು ನನಗೆ ಗೊತ್ತು. ಗೊತ್ತಿದ್ದೂ ಒಂದು ಸೇತುವೆಗೆ ಈ ಡ್ರಾಯಿಂಗ್ ತಂದರೆ ನಾನು ಸಹಿ ಹಾಕುವುದಿಲ್ಲ.

ದೋಣಿ ಬಲ್ಲವರು ಹೇಳಿ. ಮೂರರಲ್ಲಿ ಯಾವುದು?

ಪಡುವಣ_ಗಾಳಿ

ಮಾರಾಯ್ರೆ, ಮಲ್ಪೆಯಲ್ಲಿ ಹುಟ್ಟಿ 31 ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ಎಣ್ಣೆ ಕುಡಿದವ ನಾನು. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ವಿಚಿತ್ರ ದೋಣಿಯಲ್ಲಿ ಎರಡು ಜಾತಿ ಉಂಟು. ಒಂದು, ಯಾರೋ ತಲೆ ಓಡಿಸಿ ಬೇಕಂತಲೇ ಹಾಗೆ ಮಾಡಿದ್ದು. ಇನ್ನೊಂದು, ಕಿಸೆಯಲ್ಲಿ ದುಡ್ಡಿಲ್ಲದೆ ಹಾಗೆ ಆದದ್ದು. ನಿಮ್ಮ ಮೊದಲಿನ ಎರಡು ಮೊದಲನೇ ಜಾತಿ. ಮೂರನೆಯದು ಗೊತ್ತಾಯಿತಲ್ಲ.

ಹಗ್ಗದಲ್ಲಿ ಕಟ್ಟಿದ್ದು ಅಂತ ನಗಬೇಡಿ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ ಹಾಯಿಹಡಗು ಕೌಂಡಿನ್ಯ ಯಾವುದರಿಂದ ಮಾಡಿದ್ದು? ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದದ್ದು. ಹಗ್ಗ ಅಲೆಗೆ ಸ್ವಲ್ಪ ಬಗ್ಗಿಕೊಡುತ್ತದೆ, ಬೋಲ್ಟ್ ಬಗ್ಗುವುದಿಲ್ಲ, ತೂತನ್ನೇ ಅಗಲ ಮಾಡುತ್ತದೆ. ಹಗ್ಗ ಹಳತಾದದ್ದು ಕಣ್ಣಿಗೆ ಕಾಣುತ್ತದೆ, ಅರ್ಧ ದಿನ ಕೂತರೆ ಹೊಸತು ಕಟ್ಟಬಹುದು. ಟಿಕಿಯ ಸಮಸ್ಯೆ ಬೇರೆ. ಹದಿನೈದು ಅಡಿ ಅಗಲ ಉಂಟು. ಮರೀನಾದವರು ಒಂದೂವರೆ ಪಟ್ಟು ಬಾಡಿಗೆ ಕೇಳುತ್ತಾರೆ.

ಸಿಮೆಂಟಿನದ್ದಕ್ಕೆ ಬರುವ. 6,500 ಅಂತ ಖುಷಿಪಡುತ್ತೀರಿ. ಮೂವತ್ತೆಂಟು ಅಡಿ ದೋಣಿಯ ಹಾಯಿ, ತಂತಿ, ಇಂಜಿನ್, ಲಂಗರು ಎಲ್ಲದಕ್ಕೂ ಮೂವತ್ತೆಂಟು ಅಡಿಯದ್ದೇ ರೇಟು. ಸಿಮೆಂಟು ಅಂತ ಯಾರೂ ರಿಯಾಯಿತಿ ಕೊಡುವುದಿಲ್ಲ. ಮತ್ತೆ, ಕೊನೆಗೊಂದು ದಿನ ಬೇಡ ಅನಿಸಿದರೆ? ಉಕ್ಕಿನ ದೋಣಿಯಾದರೆ ಗುಜರಿಯವ ಬಂದು ದುಡ್ಡು ಕೊಟ್ಟು ಒಯ್ಯುತ್ತಾನೆ. ಸಿಮೆಂಟಿನದ್ದನ್ನು ಒಡೆಸುವುದಕ್ಕೆ ನೀವೇ ಕೊಡಬೇಕು.

ಹಾಗಂತ ಚಂದದ ದೋಣಿಯೇ ಬೇಕು ಅಂತಲೂ ಇಲ್ಲ. ಸುಹೈಲಿ ಬೊಂಬಾಯಿಯಲ್ಲಿ ಸಾಗುವಾನಿಯಲ್ಲಿ ಕಟ್ಟಿದ 32 ಅಡಿಯ ದೋಣಿ. ಭಾರ, ನಿಧಾನ. ಅದರಲ್ಲೇ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ ಎಲ್ಲೂ ನಿಲ್ಲದೆ 312 ದಿನದಲ್ಲಿ ಭೂಮಿ ಸುತ್ತಿ 1969ರ ಏಪ್ರಿಲ್‌ನಲ್ಲಿ ವಾಪಸ್ ಬಂದರು. ಅವರಿಗಿಂತ ಮೊದಲು ಯಾರೂ ಅದನ್ನು ಮಾಡಿರಲಿಲ್ಲ.

ನೀಲಿ_ಬಾಗಿಲು

ನಮಸ್ಕಾರ ಸರ್. ನಾನು ಶಿವಮೊಗ್ಗದವಳು, ಪ್ಲಿಮತ್‌ನಲ್ಲಿ ಇದ್ದೇನೆ. ನನ್ನ ಹತ್ತಿರ ಇರುವುದು ಕೋರಮಂಡಲ್ಲೇ. ನಾಲ್ಕು ಬೇಸಿಗೆ ಆಯಿತು.

ಜಂಕ್ ಹಾಯಿ ನೋಡಿ ಎಲ್ಲರೂ ನಗುತ್ತಾರೆ. ಗಾಳಿ ಜಾಸ್ತಿ ಆದಾಗ ನಗುವುದು ನಿಲ್ಲುತ್ತದೆ. ಅವರೆಲ್ಲ ಮುಂದೆ ಹೋಗಿ, ಮಂಡಿಯೂರಿ, ನೀರು ಕುಡಿದು ಹಾಯಿ ಕಿರಿದು ಮಾಡಬೇಕು. ನಾನು ಕೂತಲ್ಲೇ ಹಗ್ಗ ಸ್ವಲ್ಪ ಬಿಟ್ಟರೆ ಆಯಿತು. ಹಾಯಿ ಕಿಟಕಿಯ ಬಿದಿರು ಪರದೆ ಇಳಿದ ಹಾಗೆ ಒಂದು ಪಟ್ಟಿ ಮಡಚಿ ಕೆಳಗೆ ಕೂರುತ್ತದೆ. ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇದ್ದರೂ ಚೆಲ್ಲುವುದಿಲ್ಲ. 1960ರಲ್ಲಿ ಬ್ಲಾಂಡಿ ಹ್ಯಾಸ್ಲರ್ ಇದೇ ತರದ ಹಾಯಿ ಹಾಕಿದ 25 ಅಡಿಯ ಜೆಸ್ಟರ್‌ನಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದರು, 48 ದಿನ. ಐದು ದೋಣಿಗಳ ರೇಸಿನಲ್ಲಿ ಎರಡನೇ ಸ್ಥಾನ. ಡೆಕ್ಕಿನ ಮೇಲೆ ಹೋಗದೆ ಒಂದು ದುಂಡು ಕಿಂಡಿಯಲ್ಲಿ ನಿಂತೇ ಎಲ್ಲ ಹಗ್ಗ ಎಳೆಯುವ ಹಾಗೆ ಮಾಡಿಕೊಂಡಿದ್ದರು.

ಕೆಟ್ಟದ್ದೂ ಹೇಳಿಬಿಡುತ್ತೇನೆ. ಗಾಳಿಗೆ ಎದುರಾಗಿ ಹೋಗಬೇಕಾದರೆ ಇದು ಹೋಗುವುದಿಲ್ಲ ಅನ್ನುವಷ್ಟು ನಿಧಾನ. ಕಳೆದ ಜೂನ್‌ನಲ್ಲಿ ನೀರಲ್ಲಿ ದಾರಿ ತೋರಿಸಲು ತೇಲುವ ಒಂದು ಕೆಂಪು ಬೋಯೆಯನ್ನು ಎರಡು ಗಂಟೆ ಹೊತ್ತು ಬಲಗಡೆಯೇ ನೋಡುತ್ತಾ ಕೂತಿದ್ದೆ. ಒಳಗೆ ನಿಲ್ಲುವುದಕ್ಕಾಗುವುದಿಲ್ಲ, ಕೂತೇ ಬದುಕಬೇಕು. ಮತ್ತೆ ಕಂಬ ಡೆಕ್ಕಿನೊಳಗೆ ಇಳಿಯುವ ತೂತು. ಅಲ್ಲಿ ಸುತ್ತಿರುವ ರಬ್ಬರು ಹಳತಾದರೆ ಮಳೆ ನೀರು ಸೀದಾ ಹಾಸಿಗೆ ಮೇಲೆ. ಮೊದಲನೇ ವರ್ಷ ಪ್ಲಾಸ್ಟಿಕ್ ಚೊಂಬು ಇಟ್ಟುಕೊಂಡು ಮಲಗುತ್ತಿದ್ದೆ. ನೋಡಲು ಹೋದಾಗ ದಿಂಬಿನ ಜಾಗವನ್ನು ಮೂಸಿ ನೋಡಿ. ನಾಚಿಕೊಳ್ಳಬೇಡಿ.

ಹೊರವರ್ತುಲ_ರಸ್ತೆ

ಬೆಂಗಳೂರಿನಿಂದ ಕೇಳುತ್ತಿದ್ದೇನೆ. ಬೆಳ್ಳಂದೂರು ಕಡೆಗೆ ಮಳೆಗಾಲಕ್ಕೆ ಈ ಮೂರರಲ್ಲಿ ಯಾವುದು ಸೂಕ್ತ? ಆಫೀಸಿಗೆ ಒಬ್ಬನೇ ಹೋಗುವುದು.

ಪಡುವಣ_ಗಾಳಿ

@ಹೊರವರ್ತುಲ_ರಸ್ತೆ ಪಾತಿ ದೋಣಿ ಸಾಕು. ಹುಟ್ಟು ಹಾಕಲು ಕಲಿಯಿರಿ.

ದಕ್ಷಿಣ_ನಕ್ಷತ್ರ

ಆಕ್ಲೆಂಡ್‌ನಿಂದ. ಸಿಮೆಂಟ್ ದೋಣಿಯ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ವಾ? ಅದರ ವಿನ್ಯಾಸ ಮಾಡಿದ ಹಾರ್ಟ್ಲಿ ನ್ಯೂಜಿಲೆಂಡಿನವರೇ. ಆಸ್ಟ್ರೇಲಿಯಾದ ಹೆಲ್ಸಾಲ್ ಎಂಬ 72 ಅಡಿ ದೋಣಿ ಪೂರ್ತಿ ಫೆರೋಸಿಮೆಂಟ್. ಅದನ್ನು "ಹಾರುವ ಫುಟ್‌ಪಾತ್" ಅಂತ ಆಡಿಕೊಳ್ಳುತ್ತಿದ್ದರು. 1973ರ ಸಿಡ್ನಿ-ಹೋಬಾರ್ಟ್ ರೇಸಿನಲ್ಲಿ ಆ ಫುಟ್‌ಪಾತೇ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿ ದಾಖಲೆ ಮಾಡಿತು. ವಸ್ತುವಿನ ತಪ್ಪಲ್ಲ ಸರ್, ಮೆತ್ತಿದವರ ಕೈ ಮುಖ್ಯ. ಗಾರೆ ಒಂದೇ ದಿನದಲ್ಲಿ, ನಡುವೆ ನಿಲ್ಲಿಸದೆ ಮೆತ್ತಿದ್ದಾರಾ ಕೇಳಿ. ಬಲೆಯ ಒಳಗಿನ ತನಕ ಹೋಗಿದೆಯಾ, ಟೊಳ್ಳು ಉಳಿದಿದೆಯಾ, ಅದೇ ಪ್ರಶ್ನೆ. ಅದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೇ ವಿಮೆಯವರು ಮುಖ ತಿರುಗಿಸುತ್ತಾರೆ. ದುಡ್ಡು ಕೊಡುವ ಮೊದಲು ವಿಮೆ ಮಾಡಿಸಿಕೊಳ್ಳಿ.

ಹರಿಹರದ_ಇಂಜಿನಿಯರ್

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಸಿಮೆಂಟ್ ದೋಣಿ ನೋಡಿಬಂದೆ. ವಿಮೆ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮೂರು ಕಡೆ ಫೋನ್ ಮಾಡಿದೆ. ಒಬ್ಬರು "ಫೆರೋ" ಅಂದ ತಕ್ಷಣ ಥ್ಯಾಂಕ್ಯೂ ಅಂದರು. ಇನ್ನೊಬ್ಬರು ಬರೀ ಥರ್ಡ್ ಪಾರ್ಟಿ ಕೊಡುತ್ತೇವೆ ಅಂದರು, ಅಂದರೆ ನಾನು ಮುಳುಗಿದರೆ ನನ್ನ ಪಾಡು. ಮೂರನೆಯವರು ಇನ್ನೂ ಹೋಲ್ಡ್ ಮ್ಯೂಸಿಕ್ ಕೇಳಿಸುತ್ತಿದ್ದಾರೆ.

ಇಳಿತದ ಹೊತ್ತಿಗೆ ಹೋಗಿದ್ದೆ. ದೋಣಿ ನೀರಿಲ್ಲದೆ ಕಟ್ಟೆಗೆ ಒರಗಿ ನಿಂತಿತ್ತು, ಕೆಳಗೆ ಮೊಣಕಾಲುದ್ದ ಕೆಸರು. ಸಣ್ಣ ಸುತ್ತಿಗೆ ತಗೊಂಡು ಮೂತಿಯಿಂದ ಹಿಂಭಾಗದವರೆಗೆ ಒಂದೊಂದು ಗೇಣಿಗೆ ಬಡಿಯುತ್ತಾ ಹೋದೆ. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಹೀಗೇ ಪ್ಲಾಸ್ಟರ್ ಬಡಿಯುತ್ತಿದ್ದ. ಟಣ್ ಅಂದರೆ ಹಿಡಿದಿದೆ, ಡಬ್ ಅಂದರೆ ಬಿಟ್ಟಿದೆ. ಎರಡು ಗಂಟೆ ಬಡಿದೆ. ಎಲ್ಲ ಟಣ್. ಬಲಗಡೆ ಅಡುಗೆಮನೆಯ ಕೆಳಗೆ, ನೀರಿನ ಗೆರೆಯ ಹತ್ತಿರ ಮಾತ್ರ ಊಟದ ತಟ್ಟೆಯಷ್ಟು ಜಾಗದಲ್ಲಿ ಡಬ್. ಬಣ್ಣ ಕೆರೆದರೆ ಒಳಗೆ ಟೀ ಡಿಕಾಕ್ಷನ್ ಬಣ್ಣದ ಕಲೆ. ತುಕ್ಕು. ಒಡೆದು, ಬಲೆ ಶುಚಿ ಮಾಡಿ, ಎಪಾಕ್ಸಿ ಗಾರೆ ತುಂಬಿದರೆ ಎರಡು ವಾರಾಂತ್ಯದ ಕೆಲಸ. ಆದರೆ ಒಂದು ಕಂಡರೆ ಕಾಣದವು ಎಷ್ಟು ಅನ್ನುವುದು ನನ್ನ ಕಸುಬಿನ ಕಾಯಿಲೆ.

ಮಾರುವವರು ಕಟ್ಟಿದವರೇ, ಎಂಬತ್ತು ದಾಟಿದ್ದಾರೆ. ಗಾರೆಯ ದಿನದ ಬಗ್ಗೆ ಕೇಳಿದೆ. ಹದಿನಾಲ್ಕು ಜನ, ಬೆಳಗ್ಗೆ ಐದಕ್ಕೆ ಶುರು, ರಾತ್ರಿ ಹತ್ತಕ್ಕೆ ಮುಗಿಯಿತಂತೆ. ಆಮೇಲೆ ಒಂದು ತಿಂಗಳು ಗೋಣಿಚೀಲ ಹೊದಿಸಿ ನೀರು ಹಾಯಿಸಿದ್ದರಂತೆ. ನಾನು ಸುಮ್ನೆ, ಗಾರೆಯ ಗಟ್ಟಿತನ ಪರೀಕ್ಷಿಸಲು ಕ್ಯೂಬ್ ಮಾಡಿದ್ದಿರಾ ಅಂದೆ. ಅವರು ಶೆಡ್ಡಿನ ಬಾಗಿಲ ಕಡೆ ಕೈ ತೋರಿಸಿದರು. ಬಾಗಿಲು ಗಾಳಿಗೆ ಬಡಿಯದಂತೆ ಒಂದು ನಾಲ್ಕಿಂಚಿನ ಗಾರೆ ಕ್ಯೂಬ್ ಇಟ್ಟಿದ್ದಾರೆ! ಮೇಲೆ ಮೊಳೆಯಿಂದ ಗೀಚಿದ ತಾರೀಖು. ಆವತ್ತು ಮೂರು ಎರಕ ಹೊಯ್ದಿದ್ದರಂತೆ, ಎರಡನ್ನು ಪರೀಕ್ಷೆಗೆ ಕೊಟ್ಟು, ಒಂದು ಉಳಿಸಿಕೊಂಡಿದ್ದರಂತೆ. "ಬೇಕಾದರೆ ತಗೊಂಡು ಹೋಗಿ ಒಡೆಸಿ ನೋಡು" ಅಂದರು. ನನ್ನ ಜೊತೆ ಕೆಲಸ ಮಾಡುವ ಎಷ್ಟೋ ಕಂಟ್ರಾಕ್ಟರುಗಳು ಇಷ್ಟು ಮಾಡುವುದಿಲ್ಲ.

ಕ್ಯೂಬ್ ಈಗ ನಮ್ಮ ಮನೆಯಲ್ಲಿದೆ. ಎರಡು ಕಿಲೋ ಚಿಲ್ಲರೆ. ಗಾರೆ ಗಟ್ಟಿಯಿದೆ ಅಂತ ಅದು ಹೇಳಬಹುದು, ಒಳಗಿನ ಬಲೆ ತುಕ್ಕು ಹಿಡಿದಿದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಒಡೆಸಲು ಮನಸ್ಸು ಬಂದಿಲ್ಲ. ಹೆಂಡತಿ ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟಿದ್ದಾಳೆ.

@ಪಡುವಣ_ಗಾಳಿ ಸರ್, ಒಡೆಸುವ ಖರ್ಚು ವಿಚಾರಿಸಿದೆ. ಕೊಳ್ಳುವ ಬೆಲೆಗಿಂತ ಜಾಸ್ತಿ. ನೀವು ಹೇಳಿದ್ದು ಸರಿ.

@ನೀಲಿ_ಬಾಗಿಲು ಮೇಡಂ, ಮುಂದಿನ ಭಾನುವಾರ ಕೋರಮಂಡಲ್ ನೋಡಲು ಹೋಗುತ್ತಿದ್ದೇನೆ. ದಿಂಬಿನ ಜಾಗ ಮೂಸುತ್ತೇನೆ. ಕಂಬದ ಬುಡ ನೋಡಬೇಕಾದರೆ ಒಳಗಿನ ಹಲಗೆ ಬಿಚ್ಚಬೇಕಾ, ಇಲ್ಲಾ ಟಾರ್ಚ್ ಬಿಟ್ಟರೆ ಕಾಣುತ್ತದಾ? ಸ್ಕ್ರೂಡ್ರೈವರ್ ತರಬೇಕೋ ಬೇಡವೋ ತಿಳಿಸಿ.