ಕಾಡಿನ ಮಿಡಿ, ಮುರುಗಲು, ಸೀಗೆ ಕೊಯ್ಯಲು ಯಾರ ಅನುಮತಿ ಬೇಕು?

ಕೇಳಿದ್ದು: ನಮ್ಮದು ಮಲೆನಾಡು. ಉಪ್ಪಿನಕಾಯಿಗೆ ಅಪ್ಪೆಮಿಡಿ (ಕಾಡು ಮಾವಿನ ಎಳೆಗಾಯಿ), ಮುರುಗಲು (ಕೋಕಂ) ಮನೆಗೆ ಬೇಕು. ಸೀಗೆಕಾಯಿ ಸ್ವಲ್ಪ ಮಾರುವ ಯೋಚನೆಯೂ ಇದೆ. ಕಾನೂನು ಗೊತ್ತಿದ್ದವರು ಹೇಳಿ.

▪ ಗಿಡ ಯಾವುದು ಅನ್ನೋದು ಆಮೇಲೆ, ಜಾಗ ಯಾರದ್ದು ನೋಡಿ. ಮರದ ಬುಡದಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಅದರಿಂದ ಪಹಣಿ ತೆಗೆಯಿರಿ. ಖಾಸಗಿಯವರ ಹೆಸರಿದ್ದರೆ ಅವರನ್ನು ಕೇಳಿದರಾಯ್ತು. ದಟ್ಟ ಮರಗಳಡಿ ಜಿಪಿಎಸ್ ತಪ್ಪು ತೋರಿಸುವುದುಂಟು, ಅಂಚಿನಲ್ಲಿದ್ದರೆ ಗಡಿಕಲ್ಲು ಹುಡುಕಿ.

▪ ‘ತಾನಾಗಿ ಬೆಳೆದದ್ದು, ಕಳವು ಹೇಗೆ?’ ಅಂತ ವಾದಿಸಬೇಡಿ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ನೆಲಕ್ಕೆ ಅಂಟಿಕೊಂಡಿರುವವರೆಗೆ ಅದು ಕಳವಿನ ವಸ್ತುವಲ್ಲ, ಬೇರ್ಪಡಿಸಿದ ಕ್ಷಣದಿಂದ ಹೌದು. ಇನ್ನು ಅರಣ್ಯದಿಂದ ತಂದ ಎಲೆ, ಹೂ, ಹಣ್ಣು ಎಲ್ಲವೂ ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ‘ಅರಣ್ಯ ಉತ್ಪನ್ನ’ವೇ. ಮನೆ ಬಳಕೆಗಾದರೂ ವಲಯ ಅರಣ್ಯಾಧಿಕಾರಿಯನ್ನು ಕೇಳಿ. ಸೀಗೆಯಂಥದ್ದನ್ನು ಕೆಲವೆಡೆ ಟೆಂಡರಿಗೆ ಕೊಟ್ಟಿರುತ್ತಾರೆ, ಆಗ ಗುತ್ತಿಗೆದಾರನ ತಕರಾರೂ ಬರುತ್ತದೆ.

▪ ಸೊಪ್ಪಿನಬೆಟ್ಟ ಇದ್ದವರು ಎಡವುವುದು ಇಲ್ಲೇ. ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು, ಅಷ್ಟೇ. ಒಡೆತನ ಸರ್ಕಾರದ್ದು.

▪ ಮಾರುವವರಿಗೆ ಗಟ್ಟಿ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ, ಕಲಂ 3(1)(ಸಿ). ಕಾಡಲ್ಲಿ ನೆಲೆಸಿ ಅದನ್ನೇ ನಂಬಿದ ಪರಿಶಿಷ್ಟ ಪಂಗಡದವರಿಗೆ, ಹಾಗೂ 13-12-2005ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಲ್ಲೇ ನೆಲೆಸಿ ಅದನ್ನೇ ನಂಬಿದ್ದ ಇತರರಿಗೆ ಸೀಗೆಯಂಥ ಕಿರು ಅರಣ್ಯ ಉತ್ಪನ್ನದ ಒಡೆತನವೇ ಸಿಗುತ್ತದೆ. ಬಹಳ ಜನ ನಮೂನೆ ‘ಎ’ ತುಂಬಿ ಕೊಡುತ್ತಾರೆ. ಅದು ಜಮೀನಿಗೆ. ಸಮುದಾಯ ಹಕ್ಕಿಗೆ ನಮೂನೆ ‘ಬಿ’, ಕನಿಷ್ಠ ಎರಡು ಸಾಕ್ಷ್ಯ ಲಗತ್ತಿಸಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಡಬೇಕು. ಅಲ್ಲಿಂದ ಉಪವಿಭಾಗ, ಆಮೇಲೆ ಜಿಲ್ಲಾ ಸಮಿತಿ. ಹಕ್ಕು ಬಂದ ಮೇಲೆ ಸಾಗಣೆ ರಹದಾರಿ ಕೊಡುವುದು ಇಲಾಖೆಯಲ್ಲ, ಗ್ರಾಮಸಭೆಯ ಸಮಿತಿ. ಇದನ್ನು ಹೇಳುವ, ಅರಣ್ಯ ಹಕ್ಕು ನಿಯಮಗಳ 2012ರ ತಿದ್ದುಪಡಿಯ ಪ್ರತಿ ಗಾಡಿಯಲ್ಲಿಟ್ಟುಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಬೇಕಾಗುತ್ತದೆ.

▪ ಅಭಯಾರಣ್ಯವಾದರೆ ವನ್ಯಜೀವಿ ಕಾಯ್ದೆ 1972ರ 29ನೇ ಕಲಂ ಅಡ್ಡ ಬರುತ್ತದೆ: ಪರವಾನಗಿ ಇಲ್ಲದೆ ಕೊಯ್ಯುವಂತಿಲ್ಲ, ಮಾರುವಂತೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಪಡೆದಂತೆ ಅರಣ್ಯ ಹಕ್ಕು ಕೈಯಲ್ಲಿದ್ದರೆ ಮಾತು ಬೇರೆ.

▪ ಅನುಮತಿ ಇದ್ದರೂ ಮಿಡಿಗಾಗಿ ಕೊಂಬೆ ಕಡಿಯಬೇಡಿ, ಅದು ಬೇರೆಯೇ ಕೇಸು. ದೋಟಿಗೆ (ಕಾಯಿ ಕೊಯ್ಯುವ ಉದ್ದ ಕೋಲು) ಬಲೆ ಕಟ್ಟಿ ತೊಟ್ಟು ಸಮೇತ ಕೊಯ್ಯಿರಿ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಮಿಡಿ ಸಾಕು, ಇಡೀ ಜಾಡಿ ಕೊಳೆಯಲು.