ದೊಡ್ಡಮ್ಮನ ಸಿಹಿ ಮಾತ್ರೆ

ಮಾವ (ಫಾರ್ವರ್ಡ್): ಎಚ್ಚರ! ಸಕ್ಕರೆ ಬದಲು ಹಾಕುವ ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿಕೊಂಡಿದೆ. ವಿಷ ಒಂದು ಹನಿಯಾದರೂ ವಿಷವೇ. ಎಲ್ಲರಿಗೂ ಕಳಿಸಿ.

ದೊಡ್ಡಮ್ಮ: ಅಯ್ಯೋ, ನಾನು ದಿನಾ ಟೀಗೆ ಅದನ್ನೇ ಹಾಕಿಕೊಳ್ಳೋದು. ಡಬ್ಬಿ ಎತ್ತಿಟ್ಟೆ. ಬೆಳಿಗ್ಗೆಯಿಂದ ಸಕ್ಕರೆಯೇ, ಎರಡೆರಡು ಚಮಚ.

ನಾನು: ದೊಡ್ಡಮ್ಮ, ಮೊದಲು ಸಕ್ಕರೆ ನಿಲ್ಲಿಸಿ. ನಿಮಗೆ ಶುಗರ್ ಇದೆ. ಮಾವ, ಬೇಜಾರು ಮಾಡ್ಕೋಬೇಡಿ, ಈ ಮೆಸೇಜಿನಲ್ಲಿ ಅರ್ಧ ವಿಷಯ ಮಾತ್ರ ಇದೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸಂಬಂಧಿಸಿದ ಎರಡು ತಂಡಗಳ ತೀರ್ಮಾನ ಒಟ್ಟಿಗೆ ಬಂತು. ಕ್ಯಾನ್ಸರ್ ಸಂಶೋಧನೆಯ ತಂಡ ಐಎಆರ್‌ಸಿ ಇದನ್ನು 2ಬಿ ಗುಂಪಿಗೆ ಹಾಕಿತು. ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಗಟ್ಟಿಯಿಲ್ಲ. ಎಷ್ಟು ತಿಂದರೆ ಅಪಾಯ ಅಂತ ಆ ಗುಂಪು ಹೇಳುವುದಿಲ್ಲ. ಅದನ್ನು ಲೆಕ್ಕ ಹಾಕುವುದು ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಪರಿಶೀಲಿಸುವ ಜೆಕ್ಫಾ ತಂಡ. ಅವರು ಹಳೆಯ ಮಿತಿಯನ್ನೇ ಉಳಿಸಿದರು. ದಿನಕ್ಕೆ, ಮೈತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ.

ಮಾವ: ಆ 40 ಎಲ್ಲಿಂದ ಬಂತು? ಕಂಪನಿಯವರು ಬರೆಸಿರಬೇಕು.

ನಾನು: 1981ರಲ್ಲಿ ಇಲಿಗಳ ಪ್ರಯೋಗದಿಂದ ಬಂತು ಮಾವ. ಬಹುಕಾಲ ತಿನ್ನಿಸಿದರೂ ದಿನಕ್ಕೆ ಕಿಲೋಗೆ 4,000 ಮಿಲಿಗ್ರಾಂವರೆಗೆ ತೊಂದರೆ ಕಾಣಲಿಲ್ಲ. ಅದನ್ನು ನೂರರಿಂದ ಭಾಗಿಸಿದರು. ಇಲಿಗಿಂತ ಮನುಷ್ಯನ ಮೈ ನಾಜೂಕಿರಬಹುದು ಅಂತ ಒಂದು ಹತ್ತು. ಮನುಷ್ಯರಲ್ಲೇ ಕೆಲವರು ಇನ್ನೂ ನಾಜೂಕು ಅಂತ ಮತ್ತೊಂದು ಹತ್ತು. ದೊಡ್ಡಮ್ಮ, ಒಂದು ಮಾತ್ರೆಯಲ್ಲಿ ಎಷ್ಟಿದೆ ಅಂತ ಡಬ್ಬಿ ಮೇಲೆ ನೋಡ್ತೀರಾ?

ದೊಡ್ಡಮ್ಮ: ಕನ್ನಡಕ ಹಾಕಿಕೊಂಡು ಓದಿದೆ. 18 ಮಿ.ಗ್ರಾಂ. ನನ್ನ ತೂಕ 55. ದಿನಕ್ಕೆ ನಾಲ್ಕು ಮಾತ್ರೆ.

ನಾನು: ನಿಮ್ಮ ಮಿತಿ 2,200 ಮಿಲಿಗ್ರಾಂ. ನೀವು ತಗೊಳ್ಳೋದು 72. ಮಿತಿ ಮುಟ್ಟೋಕೆ ದಿನಕ್ಕೆ ಸುಮಾರು 122 ಮಾತ್ರೆ ಬೇಕು.

ತಮ್ಮ: ನಾನೂ ಅದೇ ಹೇಳೋದು! ಪ್ಯಾರಾಸೆಲ್ಸಸ್ ಅನ್ನೋ ವೈದ್ಯ 16ನೇ ಶತಮಾನದಲ್ಲೇ ಹೇಳಿದ್ದ, ಪ್ರಮಾಣದಿಂದಲೇ ವಿಷ ಆಗೋದು ಅಂತ. ಸ್ವಲ್ಪ ಇದ್ದರೆ ಯಾವುದೂ ಏನೂ ಮಾಡಲ್ಲ. ಸುಮ್ನೆ ಹೆದರಿಸ್ತಾರೆ.

ನಾನು: ಅದನ್ನೂ ಒಪ್ಪಲ್ಲ ಕಣೋ. ಸೀಸಕ್ಕೂ ಇದೇ ಜೆಕ್ಫಾ ಒಂದು ಮಿತಿ ಇಟ್ಟಿತ್ತು, ವಾರಕ್ಕೆ ಕಿಲೋಗೆ 25 ಮೈಕ್ರೋಗ್ರಾಂ. 2010ರಲ್ಲಿ ಅದನ್ನು ವಾಪಸ್ ತಗೊಂಡರು. ಮಕ್ಕಳ ಬುದ್ಧಿಶಕ್ತಿಗೆ ಆಗೋ ಪೆಟ್ಟು ನೋಡಿದಾಗ, ಇದರ ಕೆಳಗೆ ಭಯವಿಲ್ಲ ಅಂತ ಗೆರೆ ಎಳೆಯೋಕೆ ಆಗಲಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಸಿಗೋ ಅಫ್ಲಾಟಾಕ್ಸಿನ್ ಡಿಎನ್‌ಎಯನ್ನೇ ಕೆಡಿಸುತ್ತೆ. ಹೆಪಟೈಟಿಸ್ ಬಿ ಇದ್ದವರಿಗಂತೂ ಲಿವರ್ ಕ್ಯಾನ್ಸರ್ ಅಪಾಯ ಇನ್ನೂ ಜಾಸ್ತಿ. ಇಂಥವನ್ನು ಆದಷ್ಟೂ ಕಡಿಮೆ ಮಾಡೋದೊಂದೇ ದಾರಿ. ಒಂದು ಕಾಳು ಕಹಿಯಾದರೆ ಉಗಿದುಬಿಡು, ನುಂಗಬೇಡ.

ತಮ್ಮ: ಯಾವುದಕ್ಕೆ ಗೆರೆ ಇದೆ, ಯಾವುದಕ್ಕಿಲ್ಲ ಅಂತ ಹೇಗೆ ತಿಳಿಯೋದು?

ನಾನು: ಮೈಯೊಳಗೆ ಹೋದ ಮೇಲೆ ಏನಾಗುತ್ತೆ ನೋಡಬೇಕು. ಆಸ್ಪರ್ಟೇಮ್ ಕರುಳಲ್ಲೇ ಒಡೆದುಹೋಗುತ್ತೆ. ಆಗ ಬರೋ ಫೀನೈಲಲನೀನ್ ಅನ್ನೋ ಅಮೈನೋ ಆಮ್ಲ ನಮ್ಮ ದಿನದ ಊಟದಲ್ಲೂ ಇರುತ್ತೆ. ಮೈ ಅದನ್ನು ನಿಭಾಯಿಸುತ್ತೆ. ಫೀನೈಲ್‌ಕೀಟೋನೂರಿಯಾ ಅನ್ನೋ ಹುಟ್ಟುಕಾಯಿಲೆ ಇರೋರಿಗೆ ಆಗಲ್ಲ, ಅವರು ಇದನ್ನು ಮುಟ್ಟಬಾರದು. ಸೀಸ ಹಾಗೆ ಹೋಗಲ್ಲ. ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತೆ.

ಮಾವ: ನೋಡು, ಮಿತಿ ಬದಲಾಗುತ್ತೆ ಅಂತ ನೀನೇ ಹೇಳಿದೆ. ನಾಳೆ ಈ 40 ಕೂಡ ಹೋದರೆ? ಅದೇ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲಿ ಇಂಥ ಸಿಹಿ ಬೇಡ ಅಂದಿತ್ತಲ್ವಾ?

ನಾನು: ಹೋಗಬಹುದು ಮಾವ. ಹೊಸ ಪುರಾವೆ ಬಂದರೆ ನಾನೇ ಇಲ್ಲಿ ಹಾಕ್ತೀನಿ. ಮೇನಲ್ಲಿ ಹೇಳಿದ್ದು ತೂಕ ಇಳಿಸೋಕೆ ಇದನ್ನು ನಂಬಬೇಡಿ ಅಂತ. ಈಗಾಗಲೇ ಶುಗರ್ ಇರೋರಿಗೆ ಆ ಸಲಹೆ ಅಲ್ಲ ಅಂತ ಅದರಲ್ಲೇ ಬರೆದಿದೆ. ನೀವು ಫಾರ್ವರ್ಡ್ ಮಾಡಿದ್ದು ನಮ್ಮ ಮೇಲಿನ ಕಾಳಜಿಯಿಂದ, ಗೊತ್ತು. ಆದರೆ ಅದನ್ನು ಓದಿ ದೊಡ್ಡಮ್ಮ ಬೆಳಿಗ್ಗೆಯಿಂದ ಸಕ್ಕರೆ ತಿಂದಿದ್ದಾರೆ. ಅವರ ಮಟ್ಟಿಗೆ ಇವತ್ತು ಜಾಸ್ತಿಯಾಗಿರೋದು ಅದು.

ಮಾವ: ಹ್ಞೂಂ. ಅಕ್ಕ, ಶುಗರ್ ಚೆಕ್ ಮಾಡಿದ್ರಾ?

ದೊಡ್ಡಮ್ಮ: ಈಗ ಮಾಡ್ತೀನಿ. ಡಬ್ಬಿ ಮತ್ತೆ ಟೀಪುಡಿ ಪಕ್ಕಕ್ಕೆ ಬಂತು.